ನೂರೆಂಬತ್ತು ಅಡಿಯ ದಾರಿ

ಕಳೆದ ವಾರ ಕಾರ್ಕಳದ ಹೊರಗೆ, ಕಲ್ಲುಕೋರೆಗಳ ಕಡೆಗಿನ ಒಂದು ಮನೆಗೆ ಹೋಗಿದ್ದೆ. ಕೋರೆಯಲ್ಲಿ ಬಿದ್ದು ಬೆನ್ನುಹುರಿಗೆ ಏಟಾದ ಮನುಷ್ಯ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವರ ಹೆಂಡತಿ ಪುನರ್ಪುಳಿ ಶರಬತ್ತಿನ ಲೋಟ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಎರಡು ಊದುಬತ್ತಿ ಉರಿಯುತ್ತಿದ್ದವು. ದೇವರ ಪಟದ ಮುಂದಲ್ಲ, ಮಂಚದ ಪಕ್ಕದ ಕಿಟಕಿಯಲ್ಲಿ. ಊದುಬತ್ತಿಯ ವಾಸನೆಯ ಕೆಳಗೆ ಫಿನಾಯಿಲ್, ಅದರ ಕೆಳಗೆ ಇನ್ನೊಂದು ವಾಸನೆ, ಸಿಹಿಯಾದ, ಹಳಸಿದ ವಾಸನೆ. ಅದನ್ನು ಒಮ್ಮೆ ಮೂಸಿದವರು ಆಮೇಲೆ ಮರೆಯುವುದಿಲ್ಲ.

“ಶರಬತ್ತು ಆಮೇಲೆ ಕುಡೀತೇನೆ. ಮೊದಲು ಇವರನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನು ನೋಡ್ಬೇಕು” ಎಂದೆ.

ಆ ಹೆಂಗಸಿನ ಮುಖ ಸಣ್ಣದಾಯಿತು. ಪರಿಚಯವಿಲ್ಲ, ಕುಶಲ ಕೇಳಿಲ್ಲ, ಬಂದವಳೇ ಗಂಡನ ಲುಂಗಿ ಸರಿಸಿ ಎನ್ನುತ್ತಾಳೆ. ನನ್ನ ಬಗ್ಗೆ ಈ ಕಡೆಯ ಮನೆಗಳಲ್ಲಿ ಏನು ಹೇಳುತ್ತಾರೆಂದು ನನಗೆ ಗೊತ್ತು. ಆ ಕುಂಟಿ ಮೇಡಂಗೆ ಮಾನ ಮರ್ಯಾದೆ ಒಂದೂ ಇಲ್ಲ ಅನ್ನುತ್ತಾರೆ. ಕುಂಟು ಪೋಲಿಯೋದಿಂದ ಬಂದದ್ದು. ಮರ್ಯಾದೆ ಬಿಡುವುದನ್ನು ಮಟ್ಟು ಎಂಬ ಊರಿನಲ್ಲಿ ಕಲಿತೆ. ಅವರ ಹುಣ್ಣು ಇನ್ನೂ ಚಿಕ್ಕದಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆವು, ಗುಣವಾಗುತ್ತದೆ ಎಂದಿದ್ದಾರೆ. ಆದರೆ ಸ್ಕೂಟರಿನಲ್ಲಿ ಮನೆಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ದಿನೇಶನ ವರ್ಷವೇ ಕಣ್ಣ ಮುಂದೆ ಬಂತು.

ಆಗ ನಾನು ಕಾಪು ಕಡೆ ಪುನರ್ವಸತಿ ಕಾರ್ಯಕರ್ತೆಯಾಗಿದ್ದೆ. ಹೆಸರು ಉದ್ದ, ಕೆಲಸ ಇನ್ನೂ ಉದ್ದ. ಅಂಗವಿಕಲರಿರುವ ಮನೆಗಳಿಗೆ ಹೋಗುವುದು, ಗುರುತಿನ ಚೀಟಿ ಮಾಡಿಸುವುದು, ಪಿಂಚಣಿಯ ಅರ್ಜಿ ಬರೆಯುವುದು, ಕಿವಿ ಕೇಳದ ಮಗುವನ್ನು ಶಾಲೆಗೆ ಕಳಿಸದ ಅಪ್ಪನ ಹತ್ತಿರ ಜಗಳ ಮಾಡುವುದು. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಕಷ್ಟ ಗೊತ್ತಿದ್ದವರು ಮಾಡಲಿ ಎಂದಿರಬೇಕು. ಎಡಗಾಲಿಗೆ ಕ್ಯಾಲಿಪರ್ ಕಟ್ಟಿಕೊಂಡು, ಪಕ್ಕಕ್ಕೆ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಏಳು ವರ್ಷ ತಿರುಗಿದ್ದೆ. ಏಳು ವರ್ಷದಲ್ಲಿ ಕಾಗದ ಬಿಟ್ಟರೆ ಬೇರೇನನ್ನೂ ತಯಾರು ಮಾಡಿರಲಿಲ್ಲ. ಇದು ನಾನು ಮಾಡಿಸಿದ್ದು ಎಂದು ಕೈತೋರಿಸಲು ಒಂದು ಮೆಟ್ಟಿಲೂ ಇರಲಿಲ್ಲ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಮೂಲ ಅಲ್ಲಿದೆ.

ದಿನೇಶ ಮಟ್ಟುವಿನವನು. ತೆಂಗಿನ ಮರ ಹತ್ತಿ ಕಾಯಿ ಕೀಳುತ್ತಿದ್ದ. ಮೂವತ್ತೆರಡನೆಯ ವಯಸ್ಸಿನಲ್ಲಿ ಮರದಿಂದ ಬಿದ್ದ. ಮಣಿಪಾಲದಲ್ಲಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಮನೆಯಲ್ಲಿ ಅಮ್ಮ ಬೇಬಿಯಕ್ಕ ಒಬ್ಬರೇ. ಮನೆಯಿಂದ ರಸ್ತೆಗೆ ನೂರೆಂಬತ್ತು ಅಡಿ ದೂರ, ನಡುವೆ ಬೇರೆಯವರ ಗುಳ್ಳದ ಗದ್ದೆ. ಮಟ್ಟುವಿನ ಗುಳ್ಳ ಎಂದರೆ ನಮ್ಮ ಕಡೆ ಕೇಳಬೇಕೆ, ಆ ತಿಳಿಹಸಿರು ಬದನೆಗಾಗಿ ಅಲ್ಲಿ ಒಂದು ಗೇಣು ನೆಲವನ್ನೂ ಯಾರೂ ಸುಮ್ಮನೆ ಬಿಡುವುದಿಲ್ಲ. ಗದ್ದೆಯ ಬದಿಯ ಹುಣಿ, ಅಂದರೆ ಮಣ್ಣಿನ ಬದು, ಒಂದಡಿ ಅಗಲ ಇತ್ತು. ಅದರ ಮೇಲೆ ಗಾಲಿ ಹೋಗುವುದಿಲ್ಲ. ದಿನೇಶ ಹೊರಗೆ ಹೋಗಬೇಕಾದರೆ ನಾಲ್ಕು ಜನ ಬಂದು ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಕೆಸರಿನಲ್ಲಿ ಇಳಿದು ಹೊತ್ತುಕೊಂಡು ಹೋಗಬೇಕು.

ಮಳೆ ಕಳೆದು ಗುಳ್ಳದ ಸಸಿ ನೆಡುವ ಹೊತ್ತಿಗೆ ನಾನು ಮೊದಲ ಸಲ ಅವನ ಮನೆಗೆ ಹೋದದ್ದು. ನಿನಗೆ ಏನು ಬೇಕು ಎಂದು ಕೇಳಿದೆ. ಪಿಂಚಣಿ, ಸಾಲ, ಅಂಗಡಿ ಎನ್ನುತ್ತಾನೆ ಎಂದುಕೊಂಡಿದ್ದೆ.

“ರಸ್ತೆವರೆಗೆ ಒಬ್ಬನೇ ಹೋಗ್ಬೇಕು ಅಕ್ಕ. ಊರಿನವರು ಪಾಪ, ಕರೆದಾಗ ಬರ್ತಾರೆ, ಎತ್ತುತ್ತಾರೆ. ಆದ್ರೆ ಯಾರ ಬೆವರು ಹೇಗೆ ನಾತ ಉಂಟು ಅಂತ ಎಲ್ಲ ನನಗೀಗ ಬಾಯಿಪಾಠ. ಸಾಕು ಮಾರಾಯ್ರೆ” ಎಂದ.

“ರಸ್ತೆಯಲ್ಲಿ ಎಂತ ಉಂಟು ನಿನಗೆ?”

“ಎಂತದೂ ಇಲ್ಲ. ಬಸ್ಸು ಹೋಗುವುದು ನೋಡುವುದು, ಒಂದು ಚಾ ಕುಡಿಯುವುದು, ವಾಪಸ್ ಬರುವುದು.”

ಆಗಲೇ ಅವನ ಕಿಸೆಯಲ್ಲಿ ಒಂದು ಹುಂಜ ಕೂಗಿತು. ಮೊಬೈಲಿನ ಅಲಾರಂ. ದಿನೇಶ ಮಾತು ನಿಲ್ಲಿಸಿ, ಕುರ್ಚಿಯ ಎರಡೂ ಕೈಗಳನ್ನು ಒತ್ತಿ ಹಿಡಿದು, ತನ್ನ ಇಡೀ ದೇಹವನ್ನು ಮೇಲಕ್ಕೆತ್ತಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು ಮತ್ತೆ ಕುಳಿತ. ಕಾಯಿ ಕೀಳುತ್ತಿದ್ದ ತೋಳು, ಅದಕ್ಕೇನೂ ಕಷ್ಟವಾಗಲಿಲ್ಲ. ಹದಿನೈದು ನಿಮಿಷಕ್ಕೊಮ್ಮೆ ಹೀಗೆ ಮಾಡಬೇಕೆಂದು ಮಣಿಪಾಲದಲ್ಲಿ ಕಲಿಸಿದ್ದರು. ಸ್ಪರ್ಶವಿಲ್ಲದ ಮೈ ನೋಡಿ. ನಮಗಾದರೆ ಕೂತಲ್ಲಿ ನೋವಾಗುತ್ತದೆ, ನಮಗೆ ಗೊತ್ತಿಲ್ಲದೆಯೇ ಸರಿದು ಕೂರುತ್ತೇವೆ. ಅವರಿಗೆ ನೋವೇ ಇಲ್ಲ. ಒಂದೇ ಕಡೆ ಭಾರ ಬಿದ್ದರೆ ರಕ್ತ ಓಡುವುದಿಲ್ಲ, ಒಳಗಿನ ಮಾಂಸ ಸಾಯುತ್ತದೆ, ಮೇಲೆ ಬರೀ ಒಂದು ಕೆಂಪು ಕಲೆ ಕಾಣುತ್ತದೆ. ಆ ಕಲೆಯನ್ನು ಅಂದೇ ಹಿಡಿದರೆ ಉಳಿದರು. ಅದಕ್ಕಾಗಿ ಬೇಬಿಯಕ್ಕ ದಿನಾ ಸಂಜೆ ಮಗನನ್ನು ಕವುಚಿ ಮಲಗಿಸಿ ನೋಡಬೇಕು, ನಾನು ಹೋದಾಗ ಕೇಳಬೇಕು. ಇದು ನನ್ನ ತರಬೇತಿಯ ಮೊದಲ ಪಾಠ.

ಹಾಗಾಗಿ ಪ್ರತಿ ವಾರ ನಾನು ಜಗಲಿಯಲ್ಲಿ ಬೆನ್ನು ಹಾಕಿ ನಿಂತು, “ಕೆಂಪು ಉಂಟಾ ಬೇಬಿಯಕ್ಕ?” ಎಂದು ಕೂಗುತ್ತಿದ್ದೆ. “ಎಂತದೂ ಇಲ್ಲ ಮಗ” ಎಂದು ಒಳಗಿಂದ ಉತ್ತರ ಬರುತ್ತಿತ್ತು. ದಿನೇಶ ಹಾಸಿಗೆಯಲ್ಲಿ ಕವುಚಿದಲ್ಲಿಂದಲೇ, “ಇನ್ನೂ ಸ್ವಲ್ಪ ಜೋರಾಗಿ ಕೇಳಿ ಅಕ್ಕ, ಕಟಪಾಡಿಯವರಿಗೆ ಕೇಳಿಸ್ಲಿಲ್ಲ ಅಂತ ಕಾಣ್ತದೆ” ಎನ್ನುತ್ತಿದ್ದ. ಮೂವರೂ ನಗುತ್ತಿದ್ದೆವು. ನಾಚಿಕೆಯ ವಿಷಯವನ್ನು ತಮಾಷೆ ಮಾಡಿಕೊಂಡೇ ದಾಟಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ದಾರಿಗೆ ನಾಲ್ಕಡಿ ಅಗಲದ ನೆಲ ಬೇಕು. ಗದ್ದೆ ಲಾರೆನ್ಸ್ ಪೊರ್ಬುಗಳದ್ದು. ನಮ್ಮಲ್ಲಿ ಕೊಂಕಣಿ ಮಾತನಾಡುವ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬು ಎನ್ನುವುದು ವಾಡಿಕೆ, ಅವರು ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರೆ. ಕುವೈತಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದು, ಗುಳ್ಳ ಬೆಳೆಯುವುದನ್ನೇ ತಪಸ್ಸಿನಂತೆ ಮಾಡುತ್ತಿದ್ದರು. ಅವರು ಬರೆದು ಕೊಟ್ಟರೆ ಕಾಂಕ್ರೀಟು ಮಂಜೂರು. ನಾನು ನಾಲ್ಕು ಸಲ ಹೋದೆ, ನಾಲ್ಕು ಸಲವೂ ಚಾ ಕೊಟ್ಟು ಕಳಿಸಿದರು.

“ನಾಲ್ಕಡಿ ಅಂದ್ರೆ ಎರಡು ಸಾಲು ಗಿಡ ಬಾಯಿ. ಇವತ್ತು ನಾಲ್ಕು, ನಾಳೆ ಕಾರು ಬರ್ಲಿಕ್ಕೆ ಎಂಟು ಕೇಳ್ತೀರಿ. ಹುಡುಗ ಒಳ್ಳೆಯವ, ಎತ್ತಲಿಕ್ಕೆ ಬೇಕಾದ್ರೆ ನಾನೂ ಬರ್ತೇನೆ. ಜಾಗ ಮಾತ್ರ ಕೇಳ್ಬೇಡಿ” ಎಂದರು.

ಐದನೆಯ ಸಲ ಮಾತಿನ ಅಗತ್ಯ ಬೀಳಲಿಲ್ಲ. ದಿನೇಶನ ಮನೆಯಿಂದ ಮರಳುವಾಗ ಹುಣಿಯ ಮೇಲೆ ನನ್ನ ಕ್ಯಾಲಿಪರ್ ಜಾರಿತು. ಆಗ ತಾನೇ ನೀರು ಬಿಟ್ಟ ಗದ್ದೆ. ನಾನು, ನನ್ನ ಚೀಲ, ಹದಿನಾಲ್ಕು ಜನರ ಅರ್ಜಿ, ಎಲ್ಲವೂ ಕಾಯಿ ಬಿಟ್ಟ ಗಿಡಗಳ ಮೇಲೆ. ಗುಳ್ಳದ ತೊಟ್ಟಿನಲ್ಲಿ ಮುಳ್ಳಿರುತ್ತದೆಂದು ಅಂದು ಮೈಯೆಲ್ಲ ತಿಳಿಯಿತು. ಪೊರ್ಬುಗಳು ಓಡಿಬಂದು ಕೈಹಿಡಿದು ಎಬ್ಬಿಸಿದರು. ನನ್ನನ್ನು ನೋಡಿದರು, ಮುರಿದ ಗಿಡ ನೋಡಿದರು. ಯಾವುದಕ್ಕೆ ಮೊದಲು ಬೇಸರಪಡಬೇಕೆಂದು ಅವರಿಗೆ ತಿಳಿಯಲಿಲ್ಲ.

“ನೀವು ವಾರ ವಾರ ಬರುವುದಾ ಇಲ್ಲಿಗೆ?”

“ಹೌದು.”

“ಹೀಗೇ ಬೀಳುವುದಾ?”

“ಹುಣಿ ಹೀಗೇ ಇದ್ರೆ ಬೀಳ್ತೇನೆ.”

ಅವರು ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. “ಎಲ್ಲಿಗೆ ಸೈನ್ ಹಾಕ್ಬೇಕು ತನ್ನಿ. ಅವನಿಗಾಗಿ ಅಲ್ಲ, ನನ್ನ ಗಿಡ ಉಳೀಲಿ ಅಂತ” ಎಂದರು. ಒದ್ದೆಯಾದ ಕಾಗದದ ಮೇಲೆಯೇ ಹಾಕಿಸಿಕೊಂಡೆ. ಅಂದು ಮಾತ್ರ ನನ್ನ ಕಾಲಿನ ಬಗ್ಗೆ ನನಗೆ ಹೆಮ್ಮೆಯಾಯಿತು.

ಗುಳ್ಳದ ಕೊಯ್ಲು ಇಳಿಯುತ್ತ ಬಂದಾಗ ಕೆಲಸ ಶುರುವಾಯಿತು. ಏಪ್ರಿಲ್ ಕೊನೆಗೆ ದಾರಿ ಮುಗಿಯಿತು. ಮನೆಯ ಜಗಲಿಯಿಂದ ಇಳಿಜಾರು, ಅಲ್ಲಿಂದ ನೇರವಾಗಿ ರಸ್ತೆಗೆ. ಇಳಿಜಾರು ಕಡಿದಾಯಿತೆಂದು ಮೇಸ್ತ್ರಿಯ ಹತ್ತಿರ ಜಗಳವಾಡಿ ಒಮ್ಮೆ ಒಡೆಸಿ ಮತ್ತೆ ಹಾಕಿಸಿದ್ದೆ. ದಿನೇಶ ಜಗಲಿಯಲ್ಲಿ ಕೂತು, ಸಿಮೆಂಟಿಗೆ ನೀರು ಹಾಕುವವರಿಗೆ ಅಲ್ಲಿ ಒಣಗಿದೆ, ಇಲ್ಲಿ ಒಣಗಿದೆ ಎಂದು ಹೇಳುತ್ತಿದ್ದ. ಗಟ್ಟಿಯಾದ ಮೇಲೆ, “ಇವತ್ತು ಹೋಗ್ಲಾ ಅಕ್ಕ?” ಎಂದು ಕೇಳಿದ.

ನಾನು ಬೇಡ ಎಂದೆ. ಉದ್ಘಾಟನೆಯಾಗಬೇಕು.

ಉದ್ಘಾಟನೆ ಬೇಕೆಂದು ಹಠ ಹಿಡಿದವಳು ನಾನೇ. ದೊಡ್ಡವರೊಬ್ಬರು ಬರಬೇಕು, ನಾಲ್ಕು ಜನ ನೋಡಬೇಕು, ಬೇರೆ ಊರಿನಲ್ಲೂ ಇಂಥ ದಾರಿ ಆಗಬೇಕು ಎಂದು ಎಲ್ಲರಿಗೂ ಹೇಳಿದೆ. ಸುಳ್ಳಲ್ಲ. ಆದರೆ ಮೈಕಿನ ಮುಂದೆ ನಿಂತು ಇದು ನಾನು ಮಾಡಿಸಿದ್ದು ಎಂದು ಹೇಳದೆಯೂ ಹೇಳುವ ಆಸೆ ಇತ್ತು. ದೊಡ್ಡವರ ಬಿಡುವು ಸಿಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ದಾರಿಯ ಎರಡೂ ತುದಿಗೆ ಹಗ್ಗ ಕಟ್ಟಿತ್ತು. ಪೊರ್ಬುಗಳೇ ಒಮ್ಮೆ, “ಆಗಿದೆಯಲ್ಲ ಬಾಯಿ, ಹುಡುಗ ಹೋಗ್ಲಿ ಬಿಡಿ” ಎಂದರು. ಎಲ್ಲದಕ್ಕೂ ಒಂದು ಕ್ರಮ ಉಂಟು ಎಂದು ನಾನು ಉತ್ತರ ಕೊಟ್ಟೆ. ದಿನೇಶ ಆ ಹಗ್ಗ ನೋಡುತ್ತ ಜಗಲಿಯಲ್ಲಿ ಕೂತಿದ್ದ.

ಮೇ ತಿಂಗಳ ಕೊನೆಯಲ್ಲಿ ಕಾರ್ಯಕ್ರಮವಾಯಿತು. ಮಳೆಗೆ ಮುಂಚಿನ ಸೆಕೆ. ಶಾಮಿಯಾನದ ಕೆಳಗೆ ಗಾಳಿಯೇ ಇರಲಿಲ್ಲ. ರಸ್ತೆಯ ಬದಿಗೆ ಹಲಗೆಯ ವೇದಿಕೆ ಹಾಕಿದ್ದರು, ಮೂರು ಮೆಟ್ಟಿಲು. ಗಾಲಿಕುರ್ಚಿಯ ದಾರಿ ಉದ್ಘಾಟಿಸುವ ವೇದಿಕೆಗೆ ಗಾಲಿಕುರ್ಚಿ ಹತ್ತುವಂತಿರಲಿಲ್ಲ. ನಾಲ್ಕು ಜನ ಬಂದು ದಿನೇಶನನ್ನು ಎತ್ತಿ ಮೇಲಿಟ್ಟರು. ಇಷ್ಟು ವರ್ಷ ಇದೇ ಕೆಲಸ ಮಾಡಿದ ನನ್ನ ತಲೆಗೆ ಅದು ಹೊಳೆಯಲೇ ಇಲ್ಲ. ದಾನಿಯೊಬ್ಬರು ಹೊಸ ಕುರ್ಚಿ ಕೊಟ್ಟಿದ್ದರು, ಫಳಫಳ ಹೊಳೆಯುವಂಥದ್ದು. ಫೋಟೋಕ್ಕೆ ಚೆನ್ನಾಗಿರುತ್ತದೆಂದು ಅವನನ್ನು ಮೊದಲೇ ಅದರಲ್ಲಿ ಕೂರಿಸಿದರು. ಮಣಿಪಾಲದಲ್ಲಿ ಕೊಟ್ಟಿದ್ದ ದಪ್ಪ ಮೆತ್ತೆ ಹಳೆಯ ಕುರ್ಚಿಯಲ್ಲೇ ಉಳಿಯಿತು.

ನಿರೂಪಣೆ ನನ್ನದು. ಮಾವಿನ ಬಣ್ಣದ ಸೀರೆ ಉಟ್ಟಿದ್ದೆ. ಮೈಕು ಹಿಡಿದು, ಎಲ್ಲ ಕಾರ್ಯಕ್ರಮಗಳಲ್ಲಿ ಎಲ್ಲ ನಿರೂಪಕರೂ ಹೇಳುವ ಮಾತನ್ನೇ ಹೇಳಿದೆ: “ದಯವಿಟ್ಟು ಎಲ್ಲರೂ ತಮ್ಮ ಮೊಬೈಲುಗಳನ್ನು ಸ್ವಿಚ್ ಆಫ್ ಮಾಡಬೇಕಾಗಿ ವಿನಂತಿ.” ವೇದಿಕೆಯ ಮೇಲೆ ದಿನೇಶ ಕಿಸೆಯಿಂದ ಮೊಬೈಲು ತೆಗೆದ. ನಾನು ನೋಡಿದೆ. ತೆಗೆದು, ಆಫ್ ಮಾಡಿ, ವಾಪಸ್ ಇಟ್ಟ. ನನ್ನ ಮಾತು ಕೇಳಿದನಲ್ಲ ಎಂದು ಒಂದು ಕ್ಷಣ ಒಳ್ಳೆಯದೂ ಅನಿಸಿತು.

ದೊಡ್ಡವರು ಬಂದದ್ದು ಎರಡು ಗಂಟೆ ತಡವಾಗಿ. ಪೆರ್ಡೂರಿನಲ್ಲಿ ಯಾವುದೋ ಗೃಹಪ್ರವೇಶ ಮುಗಿಸಿ ಬರುತ್ತಿದ್ದಾರೆ, ಈಗ ಬಂದರು, ಇನ್ನೇನು ಬಂದರು ಎಂದು ನಾನು ಮೈಕಿನಲ್ಲಿ ಹೇಳುತ್ತಲೇ ಇದ್ದೆ. ಜನ ಎದ್ದು ನೆರಳಿಗೆ ಹೋದರು, ನೀರು ಕುಡಿದು ಬಂದರು, ಮಕ್ಕಳು ಓಡಾಡಿದರು. ವೇದಿಕೆಯ ಮೇಲಿದ್ದವರೂ ಒಬ್ಬೊಬ್ಬರಾಗಿ ಇಳಿದು ಹೋಗಿ ಬಂದರು. ಇಳಿಯಲಾಗದವನು ಒಬ್ಬನೇ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಐದು ಭಾಷಣ. ಸನ್ಮಾನದಲ್ಲಿ ದಿನೇಶನಿಗೆ ಶಾಲು ಹೊದಿಸಿ, ಹಾರ ಹಾಕಿ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟರು. ಧನ್ಯವಾದ ಮುಗಿಯುವಾಗ ಒಂದೂವರೆ. ಅವನನ್ನು ವೇದಿಕೆಗೆ ಹತ್ತಿಸಿದ್ದು ಒಂಬತ್ತೂವರೆಗೆ.

ಆಮೇಲೆ ಟೇಪು ಕತ್ತರಿಸಿದರು, ದಿನೇಶ ತನ್ನ ಕೈಯಿಂದಲೇ ಗಾಲಿ ತಿರುಗಿಸುತ್ತ ರಸ್ತೆಯಿಂದ ಮನೆಗೆ ಹೋದ. ನಡುವೆ ಒಮ್ಮೆಯೂ ನಿಲ್ಲಲಿಲ್ಲ. ಬೇಬಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನಾನೂ ಅತ್ತೆ. ನನ್ನ ಜೀವನದ ಅತ್ಯಂತ ಒಳ್ಳೆಯ ದಿನ ಎಂದು ಅಂದು ಮನೆಯಲ್ಲಿ ಹೇಳಿದ್ದೆ.

ಜೂನಿನಲ್ಲಿ ಮಳೆ ಹಿಡಿಯುವವರೆಗೆ ಅವನು ದಿನಾ ಬೆಳಿಗ್ಗೆ ರಸ್ತೆಗೆ ಹೋಗಿ ಚಾ ಕುಡಿದು ಬಂದನಂತೆ. ಆಮೇಲೂ ಮಳೆ ಬಿಡುವು ಕೊಟ್ಟಾಗ ಹೋಗುತ್ತಿದ್ದನಂತೆ. ನಾನು ಆ ತಿಂಗಳು ನಾಲ್ಕು ಸಲ ಮಟ್ಟುವಿಗೆ ಹೋದೆ. ಆದರೆ ನಾಲ್ಕು ಸಲವೂ ಜೊತೆಯಲ್ಲಿ ಯಾರಾದರೂ ಇದ್ದರು. ಹೂಡೆ ಕಡೆಯವರು, ಉಡುಪಿಯಿಂದ ಯಾವುದೋ ಸಂಘದವರು. ದಾರಿ ತೋರಿಸುವುದು, ಇಳಿಜಾರಿನ ಲೆಕ್ಕ ವಿವರಿಸುವುದು, ದಿನೇಶನ ಜೊತೆ ಫೋಟೋ ತೆಗೆಸಿಕೊಳ್ಳುವುದು. “ಹೇಗಿದ್ದೀ?” ಎಂದು ಕೇಳುತ್ತಿದ್ದೆ. “ಫಸ್ಟ್ ಕ್ಲಾಸ್ ಅಕ್ಕ” ಎನ್ನುತ್ತಿದ್ದ. ನಾಲ್ಕು ಜನ ಗಣ್ಯರ ಎದುರು ಜಗಲಿಯಲ್ಲಿ ನಿಂತು ಕೆಂಪು ಉಂಟಾ ಎಂದು ಕೂಗಲಾಗುತ್ತದೆಯೇ? ಸನ್ಮಾನವಾದ ಮನುಷ್ಯ. ನನಗೆ ಸಂಕೋಚವಾಯಿತು. ಬೇಬಿಯಕ್ಕ ಮೊದಲಿನಂತೆ ಮಾತನಾಡುತ್ತಿಲ್ಲ, ಒಳಗೇ ಇರುತ್ತಾರೆ ಎಂದು ಗಮನಿಸಿದ್ದೆ. ಬಂದವರ ಗದ್ದಲಕ್ಕೆ ಬೇಸತ್ತಿರಬೇಕು ಎಂದುಕೊಂಡೆ.

ಜುಲೈ ಕೊನೆ, ನಮ್ಮ ತುಳುವರ ಆಟಿ ತಿಂಗಳು ಹುಟ್ಟಿ ಒಂದು ವಾರವಾಗಿತ್ತು. ಧೋ ಎಂದು ಮಳೆ. ಬೆಳಿಗ್ಗೆ ಪೊರ್ಬುಗಳ ಫೋನು ಬಂತು. “ಹುಡುಗನಿಗೆ ಜ್ವರ, ಮಾತು ತಪ್ಪುತ್ತಾ ಉಂಟು, ಬೇಗ ಬನ್ನಿ.” ನಾನು ಒದ್ದೆಯಾಗಿ ಹೋದಾಗ ಕೋಣೆಯಲ್ಲಿ ಊದುಬತ್ತಿ ಹಚ್ಚಿತ್ತು. ಅದರ ಕೆಳಗೆ ಆ ವಾಸನೆ. ಅಂದು ನಾನು ಜಗಲಿಯಲ್ಲಿ ನಿಲ್ಲಲಿಲ್ಲ. ಅವನನ್ನು ತಿರುಗಿಸಿ ನೋಡಿದೆ. ಹುಣ್ಣು ನನ್ನ ಮುಷ್ಟಿ ಹಿಡಿಯುವಷ್ಟು ದೊಡ್ಡದಿತ್ತು, ಒಳಗೆ ಮೂಳೆ ಕಾಣುತ್ತಿತ್ತು. ಅವನಿಗೆ ನೋವಿರಲಿಲ್ಲ. ಕಣ್ಣು ಅರ್ಧ ತೆರೆದು, “ಅಕ್ಕ, ನೀವು ಒದ್ದೆ ಆಗಿದ್ದೀರಿ” ಎಂದ.

ಸ್ಟ್ರೆಚರು ಗಾಲಿಯ ಮೇಲೆಯೇ ಮನೆಬಾಗಿಲವರೆಗೆ ಬಂತು. ಒಂದು ಹನಿ ಕೆಸರಾಗಲಿಲ್ಲ, ಯಾರೂ ಹೊರಬೇಕಾಗಲಿಲ್ಲ. ಮಣಿಪಾಲದಲ್ಲಿ ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು, ಆದರೆ ನಂಜು ರಕ್ತಕ್ಕೆ ಇಳಿದಿತ್ತು. ಹದಿನೆಂಟು ದಿನ ಇದ್ದ. ಎರಡು ತಿಂಗಳ ಹಳೆಯ ಹುಣ್ಣು, ಬಹಳ ಹೊತ್ತು ಒಂದೇ ಕಡೆ ಕೂತದ್ದರಿಂದ ಆದದ್ದು ಎಂದು ಅಲ್ಲಿನ ಡಾಕ್ಟರು ನನಗೆ ಹೇಳಿದರು. ಎಲ್ಲಿ ಕೂತಿದ್ದರು ಎಂದು ಕೇಳಿದರು. ಅವನನ್ನು ಮನೆಗೆ ತಂದದ್ದೂ ಅದೇ ದಾರಿಯಲ್ಲಿ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಮುಂಚೆ ಬೇಬಿಯಕ್ಕ ಹೇಳಿ ಕಳಿಸಿದರು. ಗೋಡೆಗೆ ಹಾಕಲು ಒಂದು ಫೋಟೋ ಬೇಕು, ಆ ದಿನದ್ದು ನಿನ್ನ ಮೊಬೈಲಿನಲ್ಲಿ ಇರಬಹುದಲ್ಲ ಎಂದು. ಮನೆಯಲ್ಲಿ ಕೂತು ಒಂದೊಂದಾಗಿ ನೋಡಿದೆ. ಸನ್ಮಾನದ ಫೋಟೋ ಚೆನ್ನಾಗಿ ಬಂದಿತ್ತು. ದಿನೇಶ ನಗುತ್ತಿದ್ದಾನೆ. ದೊಡ್ಡದು ಮಾಡಿ ನೋಡಿದೆ. ಶಾಲಿನ ಕೆಳಗೆ ಅವನ ಎರಡೂ ಕೈ ಕುರ್ಚಿಯ ಕೈಗಳನ್ನು ಒತ್ತಿ ಹಿಡಿದಿವೆ. ಮೊಣಕೈ ನೆಟ್ಟಗಾಗಿದೆ, ಕುತ್ತಿಗೆಯ ನರ ಉಬ್ಬಿದೆ. ಅವನು ಮೈ ಮೇಲೆತ್ತಲು ನೋಡುತ್ತಿದ್ದಾನೆ. ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇದೆ, ಭುಜದ ಮೇಲೆ ದೊಡ್ಡವರ ಕೈ ಇದೆ. ಪಕ್ಕದಲ್ಲಿ ಮೈಕು ಹಿಡಿದುಕೊಂಡು ನಾನು, ಕ್ಯಾಮರಾ ನೋಡಿ ನಗುತ್ತಿದ್ದೇನೆ.

ಆ ಫೋಟೋವನ್ನು ತೆಗೆದುಕೊಂಡು ಹೋಗಿ ಬೇಬಿಯಕ್ಕನ ಎದುರು ಕೂತೆ. ಹೊರಗೆ ಅಡುಗೆಯವರ ಸದ್ದು. ಹೇಳಿಬಿಟ್ಟೆ. ಮೊಬೈಲು ಆಫ್ ಮಾಡಿಸಿದ್ದು ನಾನು, ಮೂರು ವಾರ ಕಾಯಿಸಿದ್ದು ನಾನು, ನಾಲ್ಕು ಗಂಟೆ ಕೂರಿಸಿದ್ದು ನಾನು, ಆಮೇಲೆ ಕೇಳದೇ ಹೋದದ್ದೂ ನಾನು. ನನ್ನನ್ನು ಬೈಯಿರಿ ಎಂದೆ. ಬೈದರೆ ಸ್ವಲ್ಪ ಹಗುರವಾಗಬಹುದು ಎಂಬ ಸ್ವಾರ್ಥವೂ ಅದರಲ್ಲಿತ್ತು.

ಬೇಬಿಯಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಅವನ ಮುಖ ಒರೆಸಿದರು.

“ಗೊತ್ತುಂಟು ಮಗ. ಆ ದಿನ ಸಂಜೆಯೇ ನೋಡಿದೆ ನಾನು. ಕೆಂಪು ಇತ್ತು, ಅಂಗೈಯಷ್ಟು. ಅಕ್ಕನಿಗೆ ಫೋನ್ ಮಾಡ್ತೇನೆ ಹೇಳಿದೆ. ಅವನೇ ಬೇಡ ಹೇಳಿದ.”

“ಯಾಕೆ?”

“ಎರಡು ದಿನದಲ್ಲಿ ಹೋಗ್ತದೆ, ಹೇಳಬೇಡ ಅಮ್ಮ, ಅಕ್ಕ ಎಷ್ಟು ಖುಷಿಯಲ್ಲಿದ್ದಾರೆ ನೋಡು, ಹೇಳಿದ. ನಾನೂ ಹೇಳ್ಲಿಲ್ಲ.”

ಅವನು ನೋಡಿದ್ದು ಸರಿಯಾಗಿಯೇ ಇತ್ತು. ಆ ಜೂನ್ ತಿಂಗಳಿಡೀ ನಾನು ಬಹಳ ಖುಷಿಯಲ್ಲಿದ್ದೆ.